ಕಾಲುವೆಯ ಕೊನೆಯ ಹೊಲ: ನೀರಾವರಿ ಯೋಜನೆಗಳ ಬಾಳಿಕೆಯ ಪ್ರಶ್ನೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಹೊಳೆಗಳನ್ನು ಬಯಲುಸೀಮೆಗೆ ತಿರುಗಿಸುವ ಮಾತು ಬಂದಾಗಲೆಲ್ಲ ಎರಡು ವಾದಗಳು ಎದುರುಬದುರಾಗಿ ನಿಲ್ಲುತ್ತವೆ. ಸಮುದ್ರಕ್ಕೆ ಸೇರಿ ವ್ಯರ್ಥವಾಗುವ ನೀರು ಎಂಬುದು ಒಂದು ವಾದ. ಇಲ್ಲಿಯ ನೀರು ಇಲ್ಲಿಯವರಿಗೇ ಸೇರಿದ್ದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕಷ್ಟವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಬೆಳಚು ಆರಿಸಿ ಸಂಸಾರ ಸಾಗಿಸುವವರನ್ನು ಕೇಳಿದರೆ ಸಿಹಿನೀರು ಸಮುದ್ರಕ್ಕೆ ಸೇರುವುದು ವ್ಯರ್ಥವೋ ಅಲ್ಲವೋ ಎಂಬುದು ತಿಳಿಯುತ್ತದೆ. ಆದರೆ ಈ ಎರಡೂ ವಾದಗಳಿಗೆ ಒಂದು ಸಮಾನ ದೋಷವಿದೆ. ಎರಡೂ ಹೊಳೆಯ ಮೂಲದಲ್ಲಿಯೇ ನಿಂತು ಮಾತನಾಡುತ್ತವೆ. ಆ ನೀರು ನೂರಾರು ಮೈಲಿ ಕ್ರಮಿಸಿ ತಲುಪಬೇಕಾದ ಹೊಲದಲ್ಲಿ ಏನಾಗುತ್ತಿದೆ ಎಂಬುದರತ್ತ ಯಾರ ಗಮನವೂ ಹರಿಯುವುದಿಲ್ಲ.

ನೀರಾವರಿ ಯೋಜನೆಯೊಂದು ಬಾಳುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಅಣೆಕಟ್ಟಿನ ಎತ್ತರದಿಂದಲ್ಲ. ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪುವುದೇ, ತಲುಪಿದ ನೀರು ಆ ಮಣ್ಣಿನಿಂದ ಮತ್ತೆ ಬಸಿದು ಹೊರಹೋಗುವುದೇ ಎಂಬ ಎರಡು ಪ್ರಶ್ನೆಗಳಿಂದ. ಇದನ್ನು ಅರಿಯಲು ಕರ್ನಾಟಕದಲ್ಲಿ ತುಂಗಭದ್ರೆಗಿಂತ ಉತ್ತಮ ಪಾಠಶಾಲೆ ಇನ್ನೊಂದಿಲ್ಲ. ಆ ನದಿಯ ಎರಡು ಮೂಲಗಳೂ ಮಲೆನಾಡಿನವೇ ಆಗಿರುವುದರಿಂದ, ಈ ಸಭೆಗೂ ಆ ಕಥೆಗೂ ಸಂಬಂಧವಿದೆ.

ತುಂಗಭದ್ರೆಯ ಪಾಠ

ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಕಾಮಗಾರಿ 1945ರಲ್ಲಿ ಆರಂಭವಾಯಿತು. ಆಗ ನದಿಯ ಒಂದು ದಡ ಹೈದರಾಬಾದ್ ಸಂಸ್ಥಾನಕ್ಕೆ, ಇನ್ನೊಂದು ದಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಭತ್ತದ ಗದ್ದೆಗಳಲ್ಲ, ಬರಗಾಲ. ರಾಯಚೂರು, ಬಳ್ಳಾರಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಜೋಳ ತೆನೆಗಟ್ಟುವಾಗಲೋ ಹತ್ತಿ ಕಾಯಿ ಕಟ್ಟುವಾಗಲೋ ಮಳೆ ಕೈಕೊಟ್ಟರೆ ಎರಡು ಮೂರು ಬಾರಿ ನೀರುಣಿಸಿ ಬೆಳೆಯನ್ನು ಉಳಿಸಬೇಕು, ಸ್ವಲ್ಪ ಸ್ವಲ್ಪವಾಗಿ ಬಹಳ ಜನರಿಗೆ ಕೊಡಬೇಕು ಎಂಬುದು ಮೂಲ ಆಶಯ. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯನ್ನು ಸುಮಾರು 2.4 ಲಕ್ಷ ಹೆಕ್ಟೇರ್ ಪ್ರದೇಶದ ಮೇಲೆ ಹರಡಲು ಸಾಧ್ಯವಾದದ್ದೇ ಈ ಲೆಕ್ಕಾಚಾರದಿಂದ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಬೆಳೆಯಬೇಕು ಎಂಬುದನ್ನು ಸರ್ಕಾರವೇ ಗುರುತಿಸಿತು. ಬಹುಪಾಲು ಭೂಮಿ ಜೋಳ, ಹತ್ತಿ, ಶೇಂಗಾದಂತಹ ಅರೆನೀರಾವರಿ ಬೆಳೆಗಳಿಗೆ. ಭತ್ತಕ್ಕೆ ಮತ್ತು ಕಬ್ಬಿಗೆ ಅಲ್ಪ ಭಾಗ.

ಕಾಗದದ ಮೇಲೆ ಇದು ನ್ಯಾಯವಾದ ಹಂಚಿಕೆ. ಆದರೆ ಕಾಲುವೆಯ ತಲೆಯ ಕಡೆಯ ಹೊಲದವನ ಸ್ಥಾನದಲ್ಲಿ ನಿಂತು ನೋಡಬೇಕು. ಕಣ್ಣೆದುರಿನಲ್ಲಿ ಹಗಲಿರುಳು ನೀರು ಹರಿಯುತ್ತಿದೆ. ಭತ್ತಕ್ಕೆ ಮಾರುಕಟ್ಟೆಯಿದೆ, ಗಿರಣಿಯಿದೆ, ಸಾಲ ಕೊಡುವವರಿದ್ದಾರೆ. ಜೋಳಕ್ಕೆ ಇವು ಯಾವುವೂ ಆ ಪ್ರಮಾಣದಲ್ಲಿಲ್ಲ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರಿಗೆ ಭತ್ತದ ಬೇಸಾಯ ಕರತಲಾಮಲಕವಾಗಿತ್ತು. ಅವರು ನೆಲವನ್ನು ಸಮತಟ್ಟು ಮಾಡಿ ಗದ್ದೆ ಮಾಡಿದರು. ಸ್ಥಳೀಯರು ಅವರನ್ನು ನೋಡಿ ಕಲಿತರು. ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆ ಭತ್ತದ ಕಣಜವೆಂಬ ಹೆಸರು ಪಡೆಯಿತು. ಇದರಲ್ಲಿ ರೈತನ ತಪ್ಪನ್ನು ಹುಡುಕುವುದು ಸುಲಭ, ಆದರೆ ಅದು ಅರ್ಧ ಸತ್ಯ ಮಾತ್ರ. ಒಂದು ಬೆಳೆಗೆ ಬೆಲೆಯನ್ನೂ ಇನ್ನೊಂದು ಬೆಳೆಗೆ ನೀರನ್ನೂ ನಿಗದಿ ಮಾಡಿದ ವ್ಯವಸ್ಥೆಯಲ್ಲಿ ರೈತ ಬೆಲೆಯ ಕಡೆಗೇ ವಾಲುತ್ತಾನೆ.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಲ್ಲಿ ನೋಡಬಹುದು. ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2 ಕೋಟಿ 83 ಲಕ್ಷ ಘನ ಮೀಟರ್ ನೀರು. ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಹತ್ತು ಘನ ಮೀಟರ್. ಭತ್ತದ ಒಂದು ಬೆಳೆಗೆ 1,200 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ ಹೆಕ್ಟೇರಿಗೆ 12,000 ಘನ ಮೀಟರ್ ಆಯಿತು. ಒಂದು ಟಿಎಂಸಿ ನೀರು ಸುಮಾರು 2,350 ಹೆಕ್ಟೇರ್ ಭತ್ತವನ್ನು ಸಾಕುತ್ತದೆ. ಅದೇ ನೀರನ್ನು ಮಳೆಯಾಶ್ರಿತ ಜೋಳಕ್ಕೆ ಆಸರೆಯಾಗಿ 200 ಮಿಲಿಮೀಟರಿನಂತೆ ಕೊಟ್ಟರೆ 14,000 ಹೆಕ್ಟೇರಿಗೂ ಹೆಚ್ಚು ಪ್ರದೇಶ ಬದುಕಿಕೊಳ್ಳುತ್ತದೆ. ಕಾಲುವೆಯಲ್ಲಿ ಸೋರಿ, ಇಂಗಿ, ಆವಿಯಾಗಿ ಹೋಗುವ ನೀರನ್ನು ಕಳೆದರೆ ಎರಡೂ ಅಂಕಿಗಳು ಕುಗ್ಗುತ್ತವೆ. ಆದರೆ ಒಂದಕ್ಕೆ ಆರು ಎಂಬ ಪ್ರಮಾಣ ಹಾಗೆಯೇ ಉಳಿಯುತ್ತದೆ. ತಲೆಯ ಕಡೆ ಒಬ್ಬ ರೈತ ಗದ್ದೆ ಮಾಡಿದಾಗ ಕೊನೆಯ ಕಡೆ ಐವರ ಪಾಲಿನ ನೀರು ಕಾಲುವೆಯಿಂದ ಕಾಣೆಯಾಗಿರುತ್ತದೆ.

ಆ ಐವರು ಇರುವುದು ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳಲ್ಲಿ. ಅವರ ಹೊಲದ ಬದಿಯಲ್ಲಿ ಕಾಲುವೆ ಇದೆ, ಕಾಲುವೆಯಲ್ಲಿ ಬಹುತೇಕ ವರ್ಷ ಜಾಲಿ ಬೆಳೆದಿರುತ್ತದೆ. ನೀರಾವರಿ ಸಲಹಾ ಸಮಿತಿಯ ಸಭೆ, ರಸ್ತೆ ತಡೆ, ಕಾಲುವೆಯುದ್ದಕ್ಕೂ ನಿಷೇಧಾಜ್ಞೆ, ಅಕ್ರಮ ಪಂಪ್‌ಸೆಟ್ ತೆರವು, ಮತ್ತೆ ಮುಂದಿನ ವರ್ಷ ಅದೇ ಸರಣಿ. ದಾಖಲೆಯಲ್ಲಿ ಅವರ ಭೂಮಿ ನೀರಾವರಿ ಭೂಮಿ. ಇಂತಹ ಹೊಲಗಳನ್ನೂ ಸೇರಿಸಿಯೇ ರಾಜ್ಯದ ನೀರಾವರಿ ಪ್ರದೇಶದ ಅಂಕಿ ಸಿದ್ಧವಾಗುತ್ತದೆ ಎಂಬುದನ್ನು ಮರೆಯಬಾರದು. 2000ದಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಹೊಣೆ ವಹಿಸಲಾಯಿತು. 2024ರಲ್ಲಿ ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ಶಿಕ್ಷೆಯನ್ನು ಹೆಚ್ಚಿಸುವ ಇನ್ನೊಂದು ತಿದ್ದುಪಡಿ ಬಂದಿತು. ಎರಡೂ ಸ್ವಾಗತಾರ್ಹವೇ. ಆದರೆ ನೀರು ಅಳೆಯುವ ಮಾಪಕವೇ ಇಲ್ಲದ ವಿತರಣಾ ಕಾಲುವೆಯಲ್ಲಿ ಸಂಘವಾಗಲಿ ಶಿಕ್ಷೆಯಾಗಲಿ ಏನನ್ನು ಆಧರಿಸಿ ತೀರ್ಮಾನ ಮಾಡಬೇಕು?

ಸವಳು-ಜವಳು

ನೀರು ತಲುಪದ ಹೊಲದ ಮಾತಾಯಿತು. ಅತಿಯಾಗಿ ತಲುಪಿದ ಹೊಲದ ಗತಿ ಇನ್ನೂ ಶೋಚನೀಯ.

ತುಂಗಭದ್ರಾ ಅಚ್ಚುಕಟ್ಟಿನ ಬಹುಭಾಗ ಎರೆ ಮಣ್ಣು. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುವ ಈ ಜೇಡಿಯಲ್ಲಿ ನೀರು ಬೇಗನೆ ಬಸಿಯುವುದಿಲ್ಲ. ಶತಮಾನಗಳ ಕಾಲ ಮಳೆಯಾಶ್ರಿತ ಬೇಸಾಯ ನಡೆದಾಗ ಇಲ್ಲಿ ಅಂತರ್ಜಲದ ಮಟ್ಟ ಆಳದಲ್ಲಿತ್ತು. ಮಣ್ಣಿನಲ್ಲಿರುವ ಸಹಜ ಲವಣಗಳೂ ಆಳದಲ್ಲಿಯೇ ಉಳಿದಿದ್ದವು. ವರ್ಷಕ್ಕೆ ಎರಡು ಬೆಳೆ ಭತ್ತ ಬೆಳೆದು ತಿಂಗಳುಗಟ್ಟಲೆ ನೀರು ನಿಲ್ಲಿಸಿದಾಗ ಆ ಮಟ್ಟ ಮೇಲೇರುತ್ತದೆ. ಅದು ನೆಲದಿಂದ ಒಂದೂವರೆ ಎರಡು ಮೀಟರಿನಷ್ಟು ಹತ್ತಿರಕ್ಕೆ ಬಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಮಣ್ಣಿನ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆಳೆಯುತ್ತವೆ. ರಾಯಚೂರಿನ ಬಿಸಿಲಿನಲ್ಲಿ ನೀರು ಆವಿಯಾಗುತ್ತದೆ, ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ವರ್ಷ ವರ್ಷವೂ ಹೀಗೆಯೇ ನಡೆದು ಒಂದು ಬೇಸಿಗೆಯಲ್ಲಿ ಹೊಲ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಮೊದಲು ಕಡಲೆ ಬೆಳೆಯುವುದು ನಿಲ್ಲುತ್ತದೆ, ಆಮೇಲೆ ಜೋಳ, ಕೊನೆಗೆ ಭತ್ತವೂ. ಇದನ್ನೇ ಅಲ್ಲಿಯ ಜನ ಸವಳು-ಜವಳು ಎನ್ನುತ್ತಾರೆ. ಸವಳು ಎಂದರೆ ಉಪ್ಪು. ಜವಳು ಎಂದರೆ ನೀರು ನಿಂತು ಜೌಗಾದ ನೆಲ. ಎರಡನ್ನೂ ಜೋಡಿಸಿ ಹೇಳುವಲ್ಲಿ ಮಣ್ಣುವಿಜ್ಞಾನದ ಒಂದು ಅಧ್ಯಾಯವೇ ಅಡಗಿದೆ.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದಕ್ಕೆ ಪರಿಹಾರಗಳ ಅಧ್ಯಯನ ದೀರ್ಘಕಾಲದಿಂದ ನಡೆದಿದೆ. ನೆಲದಡಿಯಲ್ಲಿ ರಂಧ್ರವಿರುವ ಕೊಳವೆಗಳನ್ನು ಹೂಳಿ ಲವಣಯುಕ್ತ ನೀರನ್ನು ಹಳ್ಳಕ್ಕೆ ಬಸಿಯುವಂತೆ ಮಾಡಿದರೆ ಕೆಲವು ವರ್ಷಗಳಲ್ಲಿ ಹೊಲ ಮತ್ತೆ ಬೆಳೆಗೆ ಬರುತ್ತದೆ. ತಂತ್ರಜ್ಞಾನದಲ್ಲಿ ದೋಷವಿಲ್ಲ. ಆದರೆ ಖರ್ಚು ದೊಡ್ಡದು, ಒಬ್ಬನ ಹೊಲದಲ್ಲಿ ಮಾತ್ರ ಮಾಡುವಂತಿಲ್ಲ, ಬಸಿದ ಉಪ್ಪುನೀರು ಕೆಳಗಿನ ಹಳ್ಳಕ್ಕೆ, ಅಲ್ಲಿಂದ ನದಿಗೆ ಸೇರುತ್ತದೆ. ಕಾಲುವೆ ತೋಡಿದಾಗಲೇ ಬಸಿಗಾಲುವೆಯನ್ನೂ ತೋಡಿದ್ದರೆ ಆಗುತ್ತಿದ್ದ ವೆಚ್ಚಕ್ಕಿಂತ ಇದು ಎಷ್ಟೋ ಪಾಲು ಅಧಿಕ. ನೀರು ಕೊಡುವ ಕಾಲುವೆಗೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ. ಬಸಿಗಾಲುವೆಯ ಉದ್ಘಾಟನೆಗೆ ಯಾರು ಬರುತ್ತಾರೆ?

ಇಲ್ಲಿಯೇ ಒಂದು ಹೋಲಿಕೆ ಗಮನಾರ್ಹ. ಅದೇ ಅಣೆಕಟ್ಟಿನ ಕೆಳಗೆ, ಹಂಪಿಯ ಸುತ್ತಮುತ್ತ, ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುತ್ತಿವೆ. ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಮೊದಲಾದವು. ಅಲ್ಲಿ ಬೆಳೆಯುವುದೂ ಭತ್ತ, ಕಬ್ಬು, ಬಾಳೆಯೇ. ಶತಮಾನಗಳ ನಂತರವೂ ಅವು ಬಾಳಿದ್ದೇಕೆ? ಪೂರ್ವಜರ ಜ್ಞಾನವೆಂದು ಕೈಮುಗಿದು ಸುಮ್ಮನಾಗುವುದು ಸರಿಯಲ್ಲ, ಕಾರಣವನ್ನು ನೋಡಬೇಕು. ಆ ಕಾಲುವೆಗಳು ನದಿಯ ಪಕ್ಕದ ಕಿರಿದಾದ ಕಣಿವೆಯಲ್ಲಿಯೇ ಸಾಗುತ್ತವೆ. ಗದ್ದೆಯಲ್ಲಿ ಹೆಚ್ಚಾದ ನೀರು ಇಳಿಜಾರಿನಲ್ಲಿ ಜಿನುಗಿ ಮತ್ತೆ ನದಿಗೇ ಸೇರುತ್ತದೆ, ಉಪ್ಪನ್ನೂ ಕೊಂಡೊಯ್ಯುತ್ತದೆ. ನಿಸರ್ಗವೇ ಅಲ್ಲಿ ಬಸಿಗಾಲುವೆ. ಅಂತಹ ಜಾಗದಲ್ಲಿ ಭತ್ತ ತಪ್ಪಲ್ಲ. ಇನ್ನೂರು ಕಿಲೋಮೀಟರ್ ಆಚೆಯ ಎರೆಭೂಮಿಯಲ್ಲಿ ತಪ್ಪು.

ಇನ್ನು ಜಲಾಶಯದ ಸ್ಥಿತಿ. ಕಟ್ಟಿದಾಗ ಸುಮಾರು 133 ಟಿಎಂಸಿ ಸಾಮರ್ಥ್ಯವಿದ್ದ ಜಲಾಶಯದಲ್ಲಿ ಈಗ ಸುಮಾರು 105 ಟಿಎಂಸಿ ನಿಲ್ಲುತ್ತದೆ ಎಂಬುದು ಸಮೀಕ್ಷೆಯ ಅಂದಾಜು. ಉಳಿದ ಜಾಗದಲ್ಲಿ ಹೂಳಿದೆ. ಮೇಲಿನ ಕಾಡು ತೆಳುವಾದಂತೆ, ಬಯಲಿನ ಹೊಲಗಳ ಒಡ್ಡು ಮುರಿದಂತೆ, ಗಣಿಗಳ ಮಣ್ಣು ತೊಳೆದಂತೆ ಎಲ್ಲವೂ ಅಲ್ಲಿಗೇ ಬಂದು ಸೇರಿದೆ. ಭದ್ರೆಯ ಮೂಲದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಕ್ಕಾಗಿ ಹೋರಾಡಿದವರು ಬರೀ ಶೋಲಾ ಕಾಡನ್ನಲ್ಲ, ರಾಯಚೂರಿನ ರೈತನ ನೀರನ್ನೂ ಉಳಿಸುತ್ತಿದ್ದರು ಎಂಬುದನ್ನು ರಾಯಚೂರಿನಲ್ಲಿ ಹೇಳಿದವರು ಕಡಿಮೆ. ಹೂಳಿನಿಂದಾದ ನಷ್ಟ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಸಮಾನಾಂತರ ಜಲಾಶಯದ ಪ್ರಸ್ತಾಪ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರ ಮೂರು ರಾಜ್ಯಗಳ ರೈತರು ಉಸಿರು ಬಿಗಿಹಿಡಿದು ಕುಳಿತಿದ್ದರು. ಎಪ್ಪತ್ತು ವರ್ಷದ ಕಬ್ಬಿಣಕ್ಕೆ ವಯಸ್ಸಾಗುತ್ತದೆ. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಈ ವಯಸ್ಸಿನ ಕಲಮು ಎಂದೂ ಇರುವುದಿಲ್ಲ.

ಹನಿ ನೀರಾವರಿ ಎಂಬ ಭರವಸೆ

ಹೊಸ ಯೋಜನೆಗಳು ಹಳೆಯ ತಪ್ಪಿನಿಂದ ಕಲಿತಿವೆ, ಈಗ ತೆರೆದ ಕಾಲುವೆಯ ಬದಲು ಕೊಳವೆ, ಹಾಯಿನೀರಿನ ಬದಲು ಹನಿ ನೀರಾವರಿ ಎಂಬ ಉತ್ತರ ಸಿಗುತ್ತದೆ. ಇದನ್ನು ಗೌರವದಿಂದಲೇ ಪರೀಕ್ಷಿಸಬೇಕು, ಏಕೆಂದರೆ ಹನಿ ನೀರಾವರಿ ನಿಜಕ್ಕೂ ಒಳ್ಳೆಯ ತಂತ್ರ.

ಭದ್ರಾ ಮೇಲ್ದಂಡೆ ಯೋಜನೆ ಇದಕ್ಕೆ ದೊಡ್ಡ ಉದಾಹರಣೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಸುರಂಗ ಹಾಗೂ ಕಾಲುವೆಗಳ ಮೂಲಕ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಪೀಡಿತ ತಾಲ್ಲೂಕುಗಳಿಗೆ 29.90 ಟಿಎಂಸಿ ನೀರೊಯ್ದು, 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸುವುದು, ಕೆರೆಗಳನ್ನು ತುಂಬಿಸುವುದು ಇದರ ಗುರಿ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಚಳ್ಳಕೆರೆ, ಹಿರಿಯೂರು, ಪಾವಗಡದ ಜನರ ದಾಹ ಸುಳ್ಳಲ್ಲ. ಅಲ್ಲಿಯ ಹೆಣ್ಣುಮಕ್ಕಳು ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರಿಗೆ ಕೊಡ ಹಿಡಿದು ಸಾಲು ನಿಂತದ್ದನ್ನು ಕಂಡವರು ಆ ಯೋಜನೆಯನ್ನು ಹಗುರಾಗಿ ಆಡಿಕೊಳ್ಳಲಾರರು.

ಆದರೂ ಲೆಕ್ಕ ಲೆಕ್ಕವೇ. ಕೆರೆ ತುಂಬಿಸುವ ಪಾಲನ್ನೂ ಸೋರಿಕೆಯನ್ನೂ ಬದಿಗಿಟ್ಟು, 29.90 ಟಿಎಂಸಿಯನ್ನು ಪೂರ್ತಿಯಾಗಿ ಆ ಪ್ರದೇಶಕ್ಕೆ ಹಂಚಿದರೂ ಹೆಕ್ಟೇರಿಗೆ ಸಿಗುವುದು ಸುಮಾರು 3,750 ಘನ ಮೀಟರ್, ಅಂದರೆ 375 ಮಿಲಿಮೀಟರ್. ಮಳೆಯೊಂದಿಗೆ ಸೇರಿದರೆ ರಾಗಿ, ಶೇಂಗಾ, ಈರುಳ್ಳಿ, ತೊಗರಿಗೆ ಇದು ಧಾರಾಳ. ಅಡಿಕೆಗೆ?

ಈ ಸಭೆಯಲ್ಲಿ ಅಡಿಕೆ ಬೆಳೆಗಾರರೇ ಹೆಚ್ಚಿರುವುದರಿಂದ ಲೆಕ್ಕವನ್ನು ವಿವರಿಸುವ ಅಗತ್ಯವಿಲ್ಲ, ನೆನಪಿಸಿದರೆ ಸಾಕು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಸುಮಾರು 1,370 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್. ದಿನಕ್ಕೆ ಸುಮಾರು 25 ಘನ ಮೀಟರ್; ವರ್ಷದಲ್ಲಿ ಇನ್ನೂರು ದಿನ ನೀರು ಕೊಟ್ಟರೆ 5,000 ಘನ ಮೀಟರ್. ಬುಡಕ್ಕೆ ಹಾಯಿಸಿ ಕೊಟ್ಟರೆ ಅದರ ಇಮ್ಮಡಿ. ಯೋಜನೆಯ ಪ್ರದೇಶದ ಮೂರನೆಯ ಒಂದು ಭಾಗ, ಅಂದರೆ 75,000 ಹೆಕ್ಟೇರ್, ಅಡಿಕೆ ತೋಟವಾಯಿತೆಂದು ಭಾವಿಸೋಣ. ಹನಿಯಲ್ಲಿ ಕೊಟ್ಟರೆ 13 ಟಿಎಂಸಿ ಬೇಕು. ಹಾಯಿಸಿದರೆ 26 ಟಿಎಂಸಿಗೂ ಹೆಚ್ಚು. ಉಳಿದ ಮೂರನೆಯ ಎರಡು ಭಾಗದ ರೈತರಿಗೆ ಉಳಿಯುವುದು ಮೂರೂವರೆ ಟಿಎಂಸಿಯೂ ಇಲ್ಲ. ಇದು ಕಲ್ಪನೆಯ ಲೆಕ್ಕವಾದರೂ ಕಲ್ಪನೆಯ ಭಯವಲ್ಲ. ಚನ್ನಗಿರಿಯಿಂದ ಹೊಳಲ್ಕೆರೆ, ಭೀಮಸಮುದ್ರದವರೆಗೆ ಕೊಳವೆಬಾವಿಯನ್ನೇ ನಂಬಿ ಹಬ್ಬಿದ ತೋಟಗಳನ್ನು ಎಲ್ಲರೂ ಬಲ್ಲರು. ಬೇಸಿಗೆಯಲ್ಲಿ ಟ್ಯಾಂಕರಿನಿಂದ ನೀರು ಹೊಯ್ದು ಮರ ಉಳಿಸಿಕೊಂಡವರೂ ಅಲ್ಲಿದ್ದಾರೆ. ತುಂಗಭದ್ರೆಯಲ್ಲಿ ಭತ್ತ ಮಾಡಿದ್ದನ್ನು ಇಲ್ಲಿ ಅಡಿಕೆ ಮಾಡುವುದಿಲ್ಲವೆಂಬ ಭರವಸೆಯನ್ನು ಯಾವ ಯೋಜನಾ ವರದಿಯೂ ಕೊಡಲಾರದು. ಭತ್ತವನ್ನಾದರೂ ಒಂದು ವರ್ಷ ಬಿತ್ತದೆ ಬಿಡಬಹುದು, ಐವತ್ತು ವರ್ಷ ಬಾಳುವ ತೋಟಕ್ಕೆ ರಜೆಯಿಲ್ಲ.

ಹನಿ ನೀರಾವರಿಯ ಇನ್ನೊಂದು ಅನುಭವ ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನದು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಸುಮಾರು 24,000 ಹೆಕ್ಟೇರಿಗೆ ಹೊಲದ ಬಾಗಿಲವರೆಗೂ ಕೊಳವೆ ಎಳೆದ ರಾಮಥಾಳ ಯೋಜನೆಯನ್ನು ಏಷ್ಯಾದಲ್ಲೇ ದೊಡ್ಡದೆಂದು ಕೊಂಡಾಡಲಾಯಿತು. ಯಂತ್ರಗಳು ಉತ್ತಮವಾಗಿದ್ದವು, ನೀರೂ ಇತ್ತು. ಕೆಲವೇ ವರ್ಷಗಳಲ್ಲಿ ಬಹಳಷ್ಟು ಹೊಲಗಳಲ್ಲಿ ಕೊಳವೆಗಳು ಬಳಕೆಯಿಂದ ಹೊರಗುಳಿದವು. ಉಳುಮೆಗೆ ಅಡ್ಡಿಯೆಂದು ಕಿತ್ತಿಟ್ಟವರಿದ್ದಾರೆ, ಇಲಿ ಕಡಿದದ್ದನ್ನು ಯಾರು ಸರಿಪಡಿಸಬೇಕೆಂದು ತಿಳಿಯದೆ ಬಿಟ್ಟವರಿದ್ದಾರೆ. ಒಂದು ಕವಾಟದ ಕೆಳಗೆ ಹಲವು ರೈತರು. ಒಬ್ಬನಿಗೆ ತೊಗರಿ, ಇನ್ನೊಬ್ಬನಿಗೆ ಮೆಣಸಿನಕಾಯಿ. ಯಾವಾಗ ಯಾರಿಗೆ ಎಷ್ಟು ಎಂಬುದನ್ನು ಕುಳಿತು ಮಾತಾಡಿ ತೀರ್ಮಾನಿಸುವ ವ್ಯವಸ್ಥೆಯನ್ನು ಕೊಳವೆಯ ಜೊತೆಗೆ ಲಾರಿಯಲ್ಲಿ ತಂದು ಇಳಿಸಲು ಬರುವುದಿಲ್ಲ.

ಹಿಂದೆ ಆ ವ್ಯವಸ್ಥೆಗೆ ಒಬ್ಬ ಮನುಷ್ಯನಿದ್ದ. ಕೋಲಾರ ಸೀಮೆಯಲ್ಲಿ ಅವನನ್ನು ನೀರುಗಂಟಿ ಎನ್ನುತ್ತಿದ್ದರು. ಕೆರೆಯ ತೂಬಿನ ಕೀಲಿ ಅವನ ಕೈಯಲ್ಲಿ. ಕೆರೆ ಅರ್ಧ ತುಂಬಿದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗಕ್ಕೆ ಭತ್ತ, ಎಷ್ಟು ಭಾಗಕ್ಕೆ ರಾಗಿ ಎಂಬುದನ್ನು ಊರು ಸೇರಿ ನಿಶ್ಚಯಿಸಿದರೆ ಅದರಂತೆ ನೀರು ಬಿಡುವುದು ಅವನ ಹೊಣೆ. ಬಹುಮಟ್ಟಿಗೆ ದಲಿತ ಕುಟುಂಬಗಳು ಈ ಕೆಲಸ ಮಾಡುತ್ತಿದ್ದವು. ಗದ್ದೆ ಮಾತ್ರ ಬೇರೆಯವರದು. ಆ ಅನ್ಯಾಯವನ್ನು ಮರೆಮಾಚಿ ಹಳೆಯ ಕಾಲವನ್ನು ಹೊಗಳಬೇಕಿಲ್ಲ. ಆದರೆ ನೀರು ಎಷ್ಟಿದೆಯೆಂದು ಮೊದಲು ನೋಡಿ ಆಮೇಲೆ ಬೆಳೆ ನಿರ್ಧರಿಸುವ ಪದ್ಧತಿ ಆ ಕೆರೆಗಳೊಂದಿಗೆ ಹೋಯಿತು. ಕೊಳವೆಬಾವಿ ಬಂದ ಮೇಲೆ ನೀರು ಊರಿನದಾಗದೆ ಒಬ್ಬೊಬ್ಬನದಾಯಿತು. 2008ರಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ಸಾವಿರ ಅಡಿಗೂ ಕೆಳಗೆ ಕೊರೆದರೂ ನೀರು ಸಿಗದ ಊರುಗಳು ಕೋಲಾರದಲ್ಲಿ ಹೆಚ್ಚಾದವು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ ಅಲ್ಲಿಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬಾವಿಗಳಲ್ಲಿ ನೀರು ಏರಿದೆ, ಅದು ನಿಜ. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಕೂಗೂ ಅಷ್ಟೇ ನಿಜ.

ನೀರಿಗೆ ತಕ್ಕ ಬೆಳೆ, ಭೂಮಿಗಲ್ಲದೆ ಜನರಿಗೆ ಪಾಲು ಎಂಬ ನಿಯಮವನ್ನು ನಮ್ಮ ಕಾಲದಲ್ಲಿಯೇ ಒಬ್ಬರು ಮಾಡಿ ತೋರಿಸಿದ್ದಾರೆ. 1972ರ ಭೀಕರ ಬರದ ನಂತರ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ನಾಯಗಾಂವದಲ್ಲಿ ವಿಲಾಸರಾವ್ ಸಾಳುಂಖೆಯವರು ಆರಂಭಿಸಿದ ಪಾನಿ ಪಂಚಾಯತಿಯಲ್ಲಿ ನೀರಿನ ಹಕ್ಕು ಮನೆಯ ಜನಸಂಖ್ಯೆಗೆ ಅನುಗುಣವಾಗಿತ್ತು: ತಲೆಗೆ ಅರ್ಧ ಎಕರೆಯಂತೆ, ಒಂದು ಕುಟುಂಬಕ್ಕೆ ಗರಿಷ್ಠ ಎರಡೂವರೆ ಎಕರೆಗೆ ನೀರು. ಭೂಮಿಯಿಲ್ಲದವರಿಗೂ ಪಾಲು. ಕಬ್ಬಿಗೆ ಪ್ರವೇಶವಿಲ್ಲ. ನೀರಿನ ಹಕ್ಕು ಭೂಮಿಯೊಂದಿಗೆ ಮಾರಾಟವಾಗುವುದಿಲ್ಲ. ಕಬ್ಬಿನ ರಾಜ್ಯವಾದ ಮಹಾರಾಷ್ಟ್ರದಲ್ಲಿ ಇದು ಸಣ್ಣ ಸಾಹಸವಲ್ಲ. ಅದು ರಾಜ್ಯವ್ಯಾಪಿಯಾಗಲಿಲ್ಲ ಎಂಬುದನ್ನೂ ಹೇಳಬೇಕು; ಸಕ್ಕರೆ ಕಾರ್ಖಾನೆಗಳ ರಾಜಕೀಯ ಅದಕ್ಕಿಂತ ಬಲಶಾಲಿಯಾಗಿತ್ತು.

ಮಲೆನಾಡಿನ ಮಾತು

ಈಗ ಮನೆಯ ಬಾಗಿಲಿಗೆ ಬರಬಹುದು. ಎತ್ತಿನಹೊಳೆ ಯೋಜನೆಯಲ್ಲಿ 24.01 ಟಿಎಂಸಿ ನೀರು ಸಿಗುತ್ತದೆಂದು ಸರ್ಕಾರದ ಲೆಕ್ಕ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಆ ಹಳ್ಳಗಳಲ್ಲಿ ಹರಿಯುವುದೇ 9.55 ಟಿಎಂಸಿ. 2012ರಲ್ಲಿ 8,323 ಕೋಟಿ ರೂಪಾಯಿಯೆಂದು ಹೇಳಿದ ವೆಚ್ಚ 23,251 ಕೋಟಿಗೆ ಏರಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಯಾರ ಲೆಕ್ಕ ಸರಿಯೆಂಬುದನ್ನು ಇನ್ನು ಹಳ್ಳಗಳೇ ಹೇಳಬೇಕು.

ಉತ್ತರ ಕನ್ನಡದ ಬೇಡ್ತಿಯನ್ನು ವರದೆಗೆ ಜೋಡಿಸುವ ಪ್ರಸ್ತಾವದ ಕಥೆ ಇನ್ನೂ ಬೋಧಪ್ರದ. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಮೂಲ ಪ್ರಸ್ತಾವದಂತೆ ಪಟ್ಟಣದಹಳ್ಳ, ಶಾಲ್ಮಲಾಹಳ್ಳಗಳಿಗೆ ಅಡ್ಡಕಟ್ಟಿ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿಎಂಸಿ ನೀರನ್ನು ಮೇಲೆತ್ತಿ ತುಂಗಭದ್ರಾ ಕಣಿವೆಗೆ ಒಯ್ದು, ರಾಯಚೂರು ಸೀಮೆಯ 60,200 ಹೆಕ್ಟೇರಿಗೆ ಉಣಿಸಬೇಕು. ಇತ್ತೀಚಿನ ವರ್ಷಗಳಲ್ಲಿ ಹಾವೇರಿ, ಗದಗ ಜಿಲ್ಲೆಗಳ ಹೆಸರೂ ಕೇಳಿಬರುತ್ತಿದೆ. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ 1980ರ ದಶಕದ ಆರಂಭದಲ್ಲಿ ನಡೆದ ಹೋರಾಟವನ್ನು ಕಂಡ ಹಿರಿಯರು ಈ ಸಭೆಯಲ್ಲಿಯೂ ಇರಬಹುದು. ಆಗ ಜನರ ಕಡೆಯವರು ಯೋಜನೆಯ ಲಾಭನಷ್ಟವನ್ನು ತಾವೇ ಲೆಕ್ಕ ಹಾಕಿ ತಜ್ಞರ ಮುಂದಿಟ್ಟಿದ್ದರು. ಆ ದಾರಿಯೇ ಇಂದಿಗೂ ಯೋಗ್ಯ.

ಎಂಟೂವರೆ ಟಿಎಂಸಿಯನ್ನು ಬೇಡುತ್ತಿರುವ ಅದೇ ನದೀಕಣಿವೆಯಲ್ಲಿ ಹೂಳಿನಿಂದಲೇ ಕಳೆದುಹೋದ ಜಾಗ ಸುಮಾರು 27 ಟಿಎಂಸಿ, ಮೂರು ಬೇಡ್ತಿಗಳಿಗೂ ಮಿಗಿಲು. 60,200 ಹೆಕ್ಟೇರ್ ಎಂಬುದೂ ಮಿತನೀರಿನ ಬೆಳೆಯ ಲೆಕ್ಕ. ಭತ್ತ ಬೆಳೆದರೆ ಆ ನೀರು 20,000 ಹೆಕ್ಟೇರಿಗೆ ಮುಗಿಯುತ್ತದೆ. ಆಗ ಉಳಿದ 40,000 ಹೆಕ್ಟೇರಿನವರು ಮತ್ತೊಂದು ಹೊಳೆಯನ್ನು ಕೇಳುತ್ತಾರೆ, ಕೇಳುವುದು ಅವರ ತಪ್ಪೂ ಅಲ್ಲ. ಆದ್ದರಿಂದ ಮಾನ್ವಿಯ ಕೊನೆಯ ಹೊಲದ ರೈತ ಮತ್ತು ಶಿರಸಿ, ಯಲ್ಲಾಪುರದ ಕೃಷಿಕ ಎದುರಾಳಿಗಳೆಂದು ತಿಳಿಯುವುದು ತಪ್ಪು ತಿಳಿವಳಿಕೆ. ಮೊದಲಿದ್ದ ನೀರನ್ನು ಅಳೆದು ಹಂಚಿರಿ ಎಂಬುದು ಇಬ್ಬರ ಬೇಡಿಕೆಯೂ ಆಗಬಲ್ಲದು.

ಆದರೆ ಹೀಗೆ ಕೇಳುವವರು ತಮ್ಮ ಅಂಗಳವನ್ನೂ ತೋರಿಸಬೇಕಾಗುತ್ತದೆ. ಕಣಿವೆಯಲ್ಲಿ, ಸೊಪ್ಪಿನಬೆಟ್ಟದ ಬುಡದಲ್ಲಿ, ಹಳ್ಳದ ಜಿನುಗಿನಲ್ಲಿ ಬದುಕುತ್ತಿದ್ದ ತೋಟ ಈಗ ಗದ್ದೆಗಿಳಿದಿದೆ, ಬೇಣ ಹತ್ತಿದೆ. ಬನವಾಸಿ, ಸೊರಬದ ಕಡೆ ಕೊಳವೆಬಾವಿಯ ಲಾರಿ ಹೊಸದಲ್ಲ. ವರ್ಷಕ್ಕೆ 2,500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಏಪ್ರಿಲಿಗೆ ಟ್ಯಾಂಕರ್ ಬರುತ್ತದೆಂದರೆ, ಇಲ್ಲಿ ಹೆಚ್ಚುವರಿ ನೀರಿದೆ ಎನ್ನುವವರ ವಾದವೂ ಸುಳ್ಳು, ಇಲ್ಲಿ ನೀರನ್ನು ಜೋಪಾನ ಮಾಡುತ್ತಿದ್ದೇವೆ ಎನ್ನುವವರ ವಾದವೂ ಪೂರ್ತಿ ನಿಜವಲ್ಲ. ಬೆಟ್ಟದ ಬೋಳುತಲೆಗೆ ಮತ್ತೆ ಹಸಿರು ಹೊದೆಸುವುದು, ಹಳೆಯ ಕೆರೆಗಳ ಹೂಳೆತ್ತುವುದು, ಕಾನುಗಳನ್ನು ಕಾಯುವುದು ಇವೆಲ್ಲ ಈ ಪತ್ರಿಕೆಯ ಓದುಗರಿಗೆ ಹೊಸ ಮಾತುಗಳಲ್ಲ, ವಿಸ್ತರಿಸುವ ಅಗತ್ಯವಿಲ್ಲ.

ವಿಸ್ತರಿಸಬೇಕಾದದ್ದು ಅಳತೆಯ ಮಾತು. ಹೊಳೆಯಲ್ಲಿ ಹೆಚ್ಚುವರಿ ನೀರಿದೆಯೆಂದು ವರದಿ ಬರೆಯುವವರ ಬಳಿ ದೊಡ್ಡ ನದಿಗಳ ಅಂಕಿಗಳಿರುತ್ತವೆ. ಸಣ್ಣ ಹಳ್ಳಗಳ ಬೇಸಿಗೆಯ ಹರಿವನ್ನು ಅಳೆದವರು ವಿರಳ. ಪ್ರೌಢಶಾಲೆಯ ಮಕ್ಕಳೂ ಇದನ್ನು ಮಾಡಬಲ್ಲರು. ಒಂದು ಹಲಗೆ ಅಥವಾ ತಗಡಿನಲ್ಲಿ ಮೂಲೆ ಸರಿಯಾಗಿ 90 ಡಿಗ್ರಿ ಇರುವಂತೆ ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಕಚ್ಚು ಕತ್ತರಿಸಬೇಕು. ಹಳ್ಳ ಕಿರಿದಾದ ಕಡೆ ಅದನ್ನು ಅಡ್ಡಲಾಗಿ ನಿಲ್ಲಿಸಿ, ಬದಿಗಳನ್ನು ಜೇಡಿಮಣ್ಣಿನಿಂದ ಮೆತ್ತಿ, ಎಲ್ಲ ನೀರೂ ಕಚ್ಚಿನಿಂದಲೇ ಧುಮುಕುವಂತೆ ಮಾಡಬೇಕು. ಹಲಗೆಯಿಂದ ಒಂದು ಮೀಟರಿನಷ್ಟು ಹಿಂದೆ ಅಳತೆಪಟ್ಟಿ ನೆಟ್ಟು, ಕಚ್ಚಿನ ತಳದ ಮೂಲೆಯ ಮಟ್ಟದಿಂದ ನೀರು ಎಷ್ಟು ಎತ್ತರದಲ್ಲಿದೆಯೆಂದು ಓದಬೇಕು. ಎತ್ತರ ಹತ್ತು ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, ಅಂದರೆ ದಿನಕ್ಕೆ ಸುಮಾರು 3.77 ಲಕ್ಷ ಲೀಟರ್ ಹರಿಯುತ್ತಿದೆ ಎಂದರ್ಥ. ಐದು ಸೆಂಟಿಮೀಟರಿಗೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಸೆಕೆಂಡಿಗೆ 0.8 ಲೀಟರಿಗೂ ಕೆಳಗೆ, ಆರನೆಯ ಒಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಓದಿ ದಿನಾಂಕದೊಂದಿಗೆ ಬರೆದಿಡಬೇಕು. ಜೊತೆಗೆ ಊರಿನ ಎರಡು ಮೂರು ತೆರೆದ ಬಾವಿಗಳ ನೀರಿನ ಮಟ್ಟವನ್ನೂ ಹಗ್ಗದಿಂದ ಅಳೆದು ಅದೇ ಪುಸ್ತಕದಲ್ಲಿ ಬರೆಯಬಹುದು. ಒಂದು ವರ್ಷದ ಅಂಕಿಯಿಂದ ಏನೂ ಹೇಳಲಾಗದು. ಐದು ವರ್ಷ ಬಿಡದೆ ಬರೆದರೆ, ಮಳೆ ಹೆಚ್ಚಿದ ವರ್ಷ ಯಾವುದು, ಕಡಿಮೆಯಾದ ವರ್ಷ ಯಾವುದು, ಬೆಟ್ಟ ಬೋಳಾದ ಕಡೆಯ ಹಳ್ಳ ಯಾವ ತಿಂಗಳು ನಿಂತಿತು, ಕಾನು ಉಳಿದ ಕಡೆಯದು ಯಾವ ತಿಂಗಳು ನಿಂತಿತು ಎಂಬುದು ಪಕ್ಕಪಕ್ಕದಲ್ಲಿ ಕಾಣುತ್ತದೆ. ಹಲಗೆಯನ್ನು ಮಳೆಗಾಲಕ್ಕೆ ಮುನ್ನ ತೆಗೆದಿಡಲು ಮರೆಯಬಾರದು. ಮೊದಲ ಜೂನ್ ನೆರೆಯಲ್ಲಿಯೇ ಅದು ಕೊಚ್ಚಿಹೋಗುತ್ತದೆ.